ಕ್ಯಾವಿಟಿಯಲ್ಲಿ ಪ್ಲಾಸ್ಮಾ ಒಂದೇ ಕಡೆ ಗುಡ್ಡೆ ಬಿದ್ದರೆ: ದೋಷ ಹುಡುಕುವ ಕೈಪಿಡಿ

ಕ್ಯಾವಿಟಿ ಅಂದರೆ ಮೈಕ್ರೋವೇವ್ ತುಂಬುವ ಲೋಹದ ಡಬ್ಬಿ. ಅದರೊಳಗೆ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಹೊಳೆಯುವ ಗ್ಯಾಸ್, ಹೊತ್ತಿಕೊಂಡಿದೆ. ಪವರ್ ಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತಿದೆ. ಪಂಪು ಓಡುತ್ತಿದೆ, ಗ್ಯಾಸ್ ಹರಿಯುತ್ತಿದೆ. ಆದರೆ ಕಿಟಕಿಯಿಂದ ಇಣುಕಿದರೆ ಬೆಳಕೆಲ್ಲ ಒಂದು ಮೂಲೆಗೆ ಸೇರಿಕೊಂಡಿದೆ. ಆಚೆ ಬದಿ ಮಬ್ಬು. ಪ್ಲಾಸ್ಮಾಕ್ಕೆ ಒಡ್ಡಿ ಹೊರಗೆ ತೆಗೆದ ಮಾದರಿಯನ್ನು ನೋಡಿದರೆ ಅರ್ಧ ಕೆಲಸ ಆಗಿದೆ, ಅರ್ಧ ಆಗಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಪವರ್ ವಾಪಸ್ ಬರದಂತೆ ಹೊಂದಿಸುವ ಟ್ಯೂನರ್ ಕಡೆಗೆ. ನನ್ನ ಕೈಯೂ ವರ್ಷಗಟ್ಟಲೆ ಅಲ್ಲಿಗೇ ಹೋಗುತ್ತಿತ್ತು. ಮೂರು ಸ್ಟಬ್‌ಗಳನ್ನು (ಅಲೆಯ ದಾರಿಯೊಳಗೆ ಚಾಚುವ ಲೋಹದ ಕಡ್ಡಿ) ಮೇಲೆ ಕೆಳಗೆ ಮಾಡಿ, ಶಾರ್ಟ್ (ಕ್ಯಾವಿಟಿಯ ಉದ್ದ ಬದಲಿಸುವ, ಸರಿಯುವ ಲೋಹದ ತಳ) ಎಳೆದು ತಳ್ಳಿ, ಸಂಜೆಯ ಹೊತ್ತಿಗೆ ಬೆಳಗ್ಗೆ ಎಲ್ಲಿದ್ದೆವು ಅನ್ನುವುದೂ ಮರೆತುಹೋಗಿರುತ್ತಿತ್ತು. ಈಗ ಯಾವ ತಿರುಪನ್ನೂ ಮುಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಬೆಳಕಿನ ಗುಡ್ಡೆ ಯಾರ ಬೆನ್ನು ಹತ್ತಿದೆ? ಕೊಳವೆಯದೋ, ಗ್ಯಾಸಿನದೋ, ಕ್ಯಾವಿಟಿಯದೋ? ಅದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಇಲ್ಲಿ ಹೇಳುವುದೆಲ್ಲ ಮೈಕ್ರೋವೇವ್ ಹುಟ್ಟಿಸುವ 2.45 ಗಿಗಾಹರ್ಟ್ಜ್ ಮ್ಯಾಗ್ನೆಟ್ರಾನಿನ ಏರ್ಪಾಡಿಗೆ. ಉದ್ದ ಕೊಳಗದಂಥ ಲೋಹದ ಕ್ಯಾವಿಟಿ, ಅದರೊಳಗೆ ಕ್ವಾರ್ಟ್ಜ್ ಕೊಳವೆ ಅಥವಾ ಗಂಟೆ ಆಕಾರದ ಜಾರ್. ಕೆಲವು ನೂರು ವ್ಯಾಟಿನಿಂದ ಒಂದೆರಡು ಕಿಲೋವ್ಯಾಟಿನವರೆಗೆ ಪವರ್. ಬೇರೆ ಫ್ರೀಕ್ವೆನ್ಸಿಯಾದರೆ ಅಳತೆಗಳು ಬದಲಾಗುತ್ತವೆ, ಹುಡುಕುವ ದಾರಿ ಅದೇ.

ಕೈ ಹಾಕುವ ಮುಂಚೆ

ಮ್ಯಾಗ್ನೆಟ್ರಾನಿಗೆ ಸುಮಾರು 4,000 ವೋಲ್ಟ್ ಹೋಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಮುಚ್ಚಳ ತೆರೆದರೆ ಪವರ್ ಕಡಿಯುವ ಇಂಟರ್‌ಲಾಕ್ ಅನ್ನು "ಒಂದ್ನಿಮಿಷ ಅಷ್ಟೇ" ಎಂದು ಬೈಪಾಸ್ ಮಾಡಬೇಡಿ. ಕೆಳಗಿನ ಯಾವ ಪರೀಕ್ಷೆಗೂ ಅದು ಬೇಕಿಲ್ಲ. ಸೋರಿಕೆ ಮೀಟರ್ ಕೈಯಲ್ಲೇ ಇರಲಿ. ಓವನ್‌ಗಳ ಸುರಕ್ಷಾ ನಿಯಮದಲ್ಲಿ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಎಂಬ ಮಿತಿ ಇದೆ. ನಿಮ್ಮ ಏರ್ಪಾಡು ಅದಕ್ಕಿಂತ ಎಷ್ಟೋ ಕೆಳಗಿರಬೇಕು. ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ: ಕ್ವಾರ್ಟ್ಜ್ ಅಲ್ಟ್ರಾವಯಲೆಟ್ ಬೆಳಕನ್ನು ಹಾಗೇ ಹೊರಗೆ ಬಿಡುತ್ತದೆ. ನೋಡುವ ಕಿಂಡಿಗೆ ಲೋಹದ ಜಾಲರಿಯ ಜತೆ ಒಂದು ಪಾಲಿಕಾರ್ಬೊನೇಟ್ ಹಲಗೆಯೂ ಇರಲಿ.

ಮೊದಲು ಕಣ್ಣನ್ನೇ ಅನುಮಾನಿಸಿ

ಒಮ್ಮೆ ಸಹೋದ್ಯೋಗಿಯೊಬ್ಬರು ವಿಡಿಯೋ ಕಳಿಸಿದರು. ಪ್ಲಾಸ್ಮಾದಲ್ಲಿ ಅಡ್ಡಡ್ಡ ಪಟ್ಟೆಗಳು, ಸೀರೆಯ ಅಂಚಿನಂತೆ ಲೆಕ್ಕ ಹಾಕಿ ಇಟ್ಟ ಹಾಗಿದ್ದವು. ನಿಂತ ಅಲೆ (ಗೋಡೆಗಳ ನಡುವೆ ಪುಟಿದು ಒಂದೇ ಜಾಗದಲ್ಲಿ ನಿಲ್ಲುವ ಅಲೆ) ಇರಬೇಕೆಂದು ಎರಡು ದಿನ ಲೆಕ್ಕ ಹಾಕಿದೆವು. ಯಾವ ಲೆಕ್ಕವೂ ಹೊಂದಲಿಲ್ಲ. ಕೊನೆಗೆ ಯಾರೋ ಫೋನನ್ನು ಅಡ್ಡ ಹಿಡಿದರು. ಪಟ್ಟೆಗಳೂ ಅಡ್ಡ ತಿರುಗಿದವು! ಓವನ್ ಮಾದರಿಯ ಪವರ್ ಸಪ್ಲೈ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 50 ಸಲ ಮಿಂಚಿ ಆರುತ್ತದೆ. ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಪಟ್ಟೆ ಇದ್ದದ್ದು ಕ್ಯಾಮೆರಾದಲ್ಲಿ, ಪ್ಲಾಸ್ಮಾದಲ್ಲಿ ಏನೂ ಇರಲಿಲ್ಲ.

ಉಲ್ಟಾ ಮೋಸವೂ ಇದೆ. ಆಟೋ ಎಕ್ಸ್‌ಪೋಷರಿನಲ್ಲಿ ತೆಗೆದ ಫೋಟೊದಲ್ಲಿ ಇಡೀ ಪ್ಲಾಸ್ಮಾ ಬೆಳ್ಳಗೆ ಸಮವಾಗಿ ಕಾಣುತ್ತದೆ, ಯಾಕೆಂದರೆ ಎಲ್ಲ ಕಡೆಯೂ ಸೆನ್ಸರ್ ತುಂಬಿ ತುಳುಕಿರುತ್ತದೆ. ಎಕ್ಸ್‌ಪೋಷರ್ ಅನ್ನು ಕೈಯಾರೆ ನಿಗದಿ ಮಾಡಿ. ಅತಿ ಹೊಳೆಯುವ ಜಾಗವೂ ಪೂರ್ತಿ ಬೆಳ್ಳಗಾಗದಷ್ಟು ತಗ್ಗಿಸಿ. ಶಟರ್ ಸಮಯ ಕನಿಷ್ಠ ಹತ್ತಾರು ಮಿಂಚುಗಳನ್ನು ಸೇರಿಸಿಕೊಳ್ಳುವಷ್ಟು ಇರಲಿ, ಅರ್ಧ ಸೆಕೆಂಡ್ ಆದರೂ ಬೇಕು. ಬೆಳಕು ಜಾಸ್ತಿಯಾದರೆ ಫಿಲ್ಟರ್ ಹಾಕಿ. ಈ ಫೋಟೊ ನಿಮ್ಮ ಮೊದಲ ದಾಖಲೆ. ಮುಂದೆ ಏನೇ ಬದಲಿಸಿದರೂ ಇದೇ ಎಕ್ಸ್‌ಪೋಷರಿನಲ್ಲಿ ಇನ್ನೊಂದು ತೆಗೆದು ಪಕ್ಕದಲ್ಲಿಟ್ಟು ನೋಡಬೇಕು.

ಬೆಳಕು ಅಂದರೆ ಎಲೆಕ್ಟ್ರಾನ್ ಸಾಂದ್ರತೆ ಅಂತಲ್ಲ. ಎಲೆಕ್ಟ್ರಾನುಗಳ ಬಿಸಿ ಎಷ್ಟು ಅನ್ನುವುದೂ ಬೆಳಕಿನಲ್ಲಿ ಬೆರೆತಿರುತ್ತದೆ. ಕಣ್ಣಿಗೆ ಸಮವಾಗಿ ಕಂಡದ್ದು ಮಾದರಿಯ ಮೇಲೆ ಸಮವಾಗಿ ಬೀಳದೆ ಇರಬಹುದು. ಆದ್ದರಿಂದ ಕೊನೆಯ ತೀರ್ಪು ಮಾದರಿಯದೇ. ಆದರೂ ದೋಷ ಹುಡುಕುವುದಕ್ಕೆ ಬೆಳಕಿನಷ್ಟು ಬೇಗ ಸಿಗುವ ಸಾಕ್ಷಿ ಬೇರೆ ಇಲ್ಲ.

ತಿರುಗಿಸಿ ನೋಡುವ ಪರೀಕ್ಷೆ

ಪವರ್, ಒತ್ತಡ, ಗ್ಯಾಸ್ ಹರಿವು ಮೂರನ್ನೂ ಬರೆದಿಟ್ಟುಕೊಳ್ಳಿ. ಪವರ್ ಆರಿಸಿ. ಒಂದೇ ಒಂದು ಭಾಗವನ್ನು 90 ಡಿಗ್ರಿ ತಿರುಗಿಸಿ. ಮತ್ತೆ ಅದೇ ಸ್ಥಿತಿಗೆ ತಂದು ಫೋಟೊ ತೆಗೆಯಿರಿ. ಮೊದಲು ಕ್ವಾರ್ಟ್ಜ್ ಕೊಳವೆ, ಆಮೇಲೆ ಗ್ಯಾಸ್ ಬರುವ ನಳಿಕೆ, ಆಮೇಲೆ ಮಾದರಿ ಇಡುವ ಪೀಠ, ಕೊನೆಗೆ ಆಗುವುದಾದರೆ ಕ್ಯಾವಿಟಿ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಪರೀಕ್ಷೆ ಹಾಳು. ಹೊತ್ತಾಗುತ್ತದೆ ನಿಜ. ಆದರೂ ಅರ್ಧ ದಿನದಲ್ಲಿ ಮುಗಿಯುತ್ತದೆ. ಟ್ಯೂನರ್ ತಿರುಗಿಸುತ್ತ ಕೂತರೆ ವಾರ ಹಿಡಿಯುತ್ತದೆ.

ಕೊಳವೆಗೆ ಗುರುತು ಹಾಕುವಾಗ ಪೆನ್ಸಿಲ್ ಬಳಸಬೇಡಿ. ಗ್ರಾಫೈಟ್ ಕರೆಂಟ್ ಹರಿಸುತ್ತದೆ. ಕ್ಯಾವಿಟಿಯೊಳಗೆ ಹೋದ ಗೆರೆ ತಾನೇ ಬಿಸಿಯಾಗಿ ಹೊಸ ದೋಷ ಹುಟ್ಟಿಸುತ್ತದೆ. ಹೊರಗೆ ಉಳಿಯುವ ತುದಿಗೆ ಒಂದು ತುಂಡು ಟೇಪ್ ಸಾಕು. ಬರಿಗೈಯಲ್ಲಿ ಕೂಡ ಹಿಡಿಯಬಾರದು. ಬೆವರಿನ ಉಪ್ಪು ಬಿಸಿಯಲ್ಲಿ ಕ್ವಾರ್ಟ್ಜ್ ಅನ್ನು ಹಾಲುಬಿಳುಪಾಗಿಸಿ ಕೆಡಿಸುತ್ತದೆ. ಗ್ಲೌಸ್ ಹಾಕಿ, ಮೇಲೆ ಒಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಇಡಿ.

ಗುಡ್ಡೆ ಕೊಳವೆಯ ಜತೆ ತಿರುಗಿತಾ? ಹಾಗಾದರೆ ಕೊಳವೆಯನ್ನೇ ನೋಡಿ. ಒಳಗೋಡೆಗೆ ಕಾರ್ಬನ್ ಅಥವಾ ಲೋಹದ ತೆಳು ಪದರ ಕೂತಿರಬಹುದು. ಒಂದು ಕಡೆ ಗೋಡೆ ಸವೆದಿರಬಹುದು. ಫ್ಲೋರಿನ್ ಇರುವ ಗ್ಯಾಸ್ ಬಳಸುವವರಲ್ಲಿ ಇದು ಮಾಮೂಲು. ಟಾರ್ಚ್ ಬೆಳಕನ್ನು ಕೊಳವೆಯ ಉದ್ದಕ್ಕೆ ಬಿಟ್ಟು ನೋಡಿದರೆ ಕಂದು ಕಲೆ ತಟ್ಟನೆ ಕಾಣುತ್ತದೆ. ಕೊಳವೆ ಬದಲಿಸಿ, ಮುಂದೆ ಹೋಗಿ.

ಗ್ಯಾಸ್ ನಳಿಕೆಯ ಜತೆ ತಿರುಗಿದರೆ ತಂಪು ಗ್ಯಾಸಿನ ಜೋರು ಧಾರೆ ಒಂದು ಕಡೆಯಿಂದ ಹೊಡೆಯುತ್ತಿದೆ ಅಂತ ಅರ್ಥ. ಹರಿವನ್ನು ಅರ್ಧಕ್ಕೆ ಇಳಿಸಿ ನೋಡಿ. ಗುಡ್ಡೆ ಸಡಿಲವಾದರೆ ಅನುಮಾನ ಖಾತ್ರಿ. ಒಂದೇ ತೂತಿನ ಬದಲು ಸುತ್ತ ಹಲವು ಸಣ್ಣ ತೂತುಗಳಿರುವ ಬಳೆ ಹಾಕಿದರೆ ಸರಿಹೋಗುತ್ತದೆ. ಪಂಪಿಗೆ ಹೋಗುವ ಬಾಯಿ ಒಂದೇ ಬದಿಯಲ್ಲಿದ್ದರೂ ಇದೇ ರೀತಿ ಆಗುತ್ತದೆ.

ಏನನ್ನು ತಿರುಗಿಸಿದರೂ ಗುಡ್ಡೆ ಮೇಲ್ಗಡೆಯೇ ಇದ್ದರೆ? ಮಲಗಿಸಿದ ಕೊಳವೆಯಲ್ಲಿ, ಒತ್ತಡ ಜಾಸ್ತಿ ಇದ್ದಾಗ, ಬಿಸಿ ಗ್ಯಾಸ್ ಮೇಲೇರುತ್ತದೆ. ಪ್ಲಾಸ್ಮಾ ಅದರ ಹಿಂದೆ ಬಿಲ್ಲಿನಂತೆ ಬಾಗುತ್ತದೆ. ಒತ್ತಡ ಇಳಿಸಿದಾಗ ನೇರವಾದರೆ ಇದೇ ಕಾರಣ. ಕೊಳವೆಯನ್ನು ನಿಲ್ಲಿಸಿ ಕೂರಿಸುವುದೇ ಇದಕ್ಕೆ ಸುಲಭದ ದಾರಿ.

ಇವು ಮೂರೂ ಅಲ್ಲದೆ ಗುಡ್ಡೆ ಕ್ಯಾವಿಟಿಗೇ ಅಂಟಿಕೊಂಡಿದ್ದರೆ, ನಿಜವಾದ ಕೆಲಸ ಈಗ ಶುರು.

ಕ್ಯಾವಿಟಿಯದೇ ತಪ್ಪಾದಾಗ

ಎರಡು ಲೆಕ್ಕ ಮಾಡಿ. ಸುತ್ತಲೂ ಎಷ್ಟು ಗುಡ್ಡೆ ಇವೆ? ಉದ್ದಕ್ಕೆ ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ಎಷ್ಟು ದೂರ? ಅಳತೆಪಟ್ಟಿ ಒಂದಿದ್ದರೆ ಸಾಕು.

ಕ್ಯಾವಿಟಿಯೊಳಗೆ ಅಲೆ ಗೋಡೆಯಿಂದ ಗೋಡೆಗೆ ಪುಟಿದು ಒಂದು ನಮೂನೆಯಲ್ಲಿ ನಿಂತುಬಿಡುತ್ತದೆ. ಆ ನಮೂನೆಗೆ ಮೋಡ್ ಅನ್ನುತ್ತಾರೆ. ದುಂಡು ಕ್ಯಾವಿಟಿಯಲ್ಲಿ ನಮಗೆ ಸಾಮಾನ್ಯವಾಗಿ ಬೇಕಾದದ್ದು ಟಿಎಂ01, ಸುತ್ತಲೂ ಒಂದೇ ಸಮ ಇರುವಂಥದ್ದು. 2.45 ಗಿಗಾಹರ್ಟ್ಜ್‌ನಲ್ಲಿ ಇದು ಹಾಯಬೇಕಾದರೆ ಒಳವ್ಯಾಸ 9.37 ಸೆಂಟಿಮೀಟರಿಗಿಂತ ಜಾಸ್ತಿ ಇರಬೇಕು. ತೊಂದರೆ ಏನೆಂದರೆ ಟಿಇ11 ಎಂಬ ಇನ್ನೊಂದು ಮೋಡ್ 7.17 ಸೆಂಟಿಮೀಟರಿಗೇ ಹಾಯುತ್ತದೆ. ಅಂದರೆ ಟಿಎಂ01 ಇರುವ ಪ್ರತಿಯೊಂದು ಕ್ಯಾವಿಟಿಯಲ್ಲೂ ಟಿಇ11ಕ್ಕೆ ಬಾಗಿಲು ತೆರೆದೇ ಇರುತ್ತದೆ. ವ್ಯಾಸ 11.9 ಸೆಂಟಿಮೀಟರ್ ದಾಟಿದರೆ ಟಿಇ21 ಕೂಡ ಒಳಗೆ ಬರುತ್ತದೆ.

ಸುತ್ತಲೂ ಎಣಿಸಿದಾಗ ಎದುರುಬದುರು ಎರಡು ಗುಡ್ಡೆ ಕಂಡರೆ ಟಿಇ11 ಒಂದೇ ರಾಜ್ಯಭಾರ ಮಾಡುತ್ತಿದೆ. ನಾಲ್ಕು ಕಂಡರೆ ಟಿಇ21. ಒಂದೇ ಒಂದು ಗುಡ್ಡೆ, ಎದುರು ಬದಿ ಮಬ್ಬು, ಹಾಗಿದ್ದರೆ ಟಿಎಂ01 ಮತ್ತು ಟಿಇ11 ಎರಡೂ ಬೆರೆತಿವೆ: ಒಂದು ಬದಿಯಲ್ಲಿ ಕೂಡಿಕೊಳ್ಳುತ್ತವೆ, ಇನ್ನೊಂದು ಬದಿಯಲ್ಲಿ ಕಳೆದುಕೊಳ್ಳುತ್ತವೆ. ನಾನು ಕಂಡ ಕೇಸುಗಳಲ್ಲಿ ಈ ಒಂಟಿ ಗುಡ್ಡೆಯದೇ ಮೇಲುಗೈ.

ಉದ್ದದ ಅಳತೆ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಒಳವ್ಯಾಸ 11 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಖಾಲಿ ಕ್ಯಾವಿಟಿಯ ಲೆಕ್ಕದಲ್ಲಿ ಟಿಎಂ01 ಆದರೆ ಗುಡ್ಡೆಗಳ ನಡುವೆ ಸುಮಾರು 11.7 ಸೆಂಟಿಮೀಟರ್ ಅಂತರ ಬರುತ್ತದೆ, ಟಿಇ11 ಆದರೆ 8.1. ಪ್ಲಾಸ್ಮಾ ತುಂಬಿದಾಗ ಈ ಅಂಕಿಗಳು ಅತ್ತಿತ್ತ ಸರಿಯುತ್ತವೆ, ಆದರೂ ಯಾವುದಕ್ಕೆ ಹತ್ತಿರ ಅನ್ನುವುದು ಗೊತ್ತಾಗುತ್ತದೆ. ದುಂಡು ಕ್ಯಾವಿಟಿ ಬಿಟ್ಟು ಡಬ್ಲ್ಯೂಆರ್340 ಅಳತೆಯ ವೇವ್‌ಗೈಡಿನ (ಮೈಕ್ರೋವೇವ್ ಹರಿಯುವ ಆಯತಾಕಾರದ ಲೋಹದ ನಾಳ) ಉದ್ದಕ್ಕೇ ಕೊಳವೆ ಮಲಗಿಸಿದವರಿಗೆ ಈ ಅಂತರ 8.7 ಸೆಂಟಿಮೀಟರ್. ಇನ್ನು 3 ಸೆಂಟಿಮೀಟರ್ ಆಸುಪಾಸಿನಲ್ಲಿ ಪುಟ್ಟ ಪುಟ್ಟ ಗುಡ್ಡೆಗಳು ಕ್ವಾರ್ಟ್ಜ್ ಗೋಡೆಗೇ ಅಂಟಿಕೊಂಡಿದ್ದರೆ ಅಲೆ ಕ್ವಾರ್ಟ್ಜ್ ಒಳಗೆ ಓಡಾಡುತ್ತಿದೆ ಅಂತ ಅನುಮಾನಿಸಿ. ಬಯಲಿನಲ್ಲಿ 12.24 ಸೆಂಟಿಮೀಟರ್ ಇರುವ ಅಲೆ ಕ್ವಾರ್ಟ್ಜ್‌ನಲ್ಲಿ 6.3ಕ್ಕೆ ಕುಗ್ಗುತ್ತದೆ, ಅದರ ಅರ್ಧ 3.1.

ಸರಿ, ಬೇಡದ ಟಿಇ11 ಎಲ್ಲಿಂದ ಬಂತು? ಪೂರ್ತಿ ದುಂಡಗಿರುವ, ನಟ್ಟ ನಡುವೆ ಆಂಟೆನಾ ಇರುವ ಕ್ಯಾವಿಟಿಯಲ್ಲಿ ಅದು ಹುಟ್ಟುವಂತಿಲ್ಲ. ಎಲ್ಲೋ ದುಂಡುತನ ಕೆಟ್ಟಿದೆ. ಆಂಟೆನಾ ಮಿಲಿಮೀಟರುಗಳ ಲೆಕ್ಕದಲ್ಲಿ ವಾಲಿರಬಹುದು. ಪಕ್ಕದ ಕಿಟಕಿಗೆ ಜಾಲರಿ ಸರಿಯಾಗಿ ಕೂತಿರಲಿಕ್ಕಿಲ್ಲ. ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಒಳಗೆ ಚಾಚಿಕೊಂಡಿರಬಹುದು, ಅದೂ ಒಂದು ಆಂಟೆನಾನೇ ತಾನೆ. ಆದರೆ ನನ್ನ ತಲೆ ತಿಂದದ್ದು ಮುಚ್ಚಳ.

ಆ ಕಥೆ ಹೀಗೆ. ಒಂಟಿ ಗುಡ್ಡೆ, ಎಡಬದಿಯಲ್ಲಿ. ಕೊಳವೆ ತಿರುಗಿಸಿದೆವು, ಹೊಸದೇ ಹಾಕಿದೆವು, ಗ್ಯಾಸ್ ಬಳೆ ಬದಲಿಸಿದೆವು. ಗುಡ್ಡೆ ಅಲ್ಲಾಡಲಿಲ್ಲ. ಆಂಟೆನಾ ಅಳೆದೆವು, ನಡುವೆಯೇ ಇತ್ತು. ಕೊನೆಗೆ ಮುಚ್ಚಳವನ್ನೇ ಬಿಚ್ಚಿ 90 ಡಿಗ್ರಿ ತಿರುಗಿಸಿ ಹಾಕಿದಾಗ ಗುಡ್ಡೆಯೂ ತಿರುಗಿ ನಿಂತಿತು! ಮುಚ್ಚಳದ ಅಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕರೆಂಟ್ ದಾಟಿಸುವ ಲೋಹದ ಸ್ಪ್ರಿಂಗ್ ಬೆರಳುಗಳಲ್ಲಿ ಒಂದು ಕಡೆಯ ಐದಾರು ಬೆರಳು ಸುಟ್ಟು ಕಪ್ಪಾಗಿದ್ದವು. ಕಣ್ಣಿಗೆ ಗೋಡೆಯನ್ನು ಮುಟ್ಟಿದಂತೆಯೇ ಕಾಣುತ್ತಿದ್ದವು.

ಯಾಕೆ ಇಷ್ಟು ಸಣ್ಣದು ಇಷ್ಟು ದೊಡ್ಡದಾಯಿತು? ಟಿಎಂ01ರಲ್ಲಿ ಕರೆಂಟ್ ಗೋಡೆಯ ಉದ್ದಕ್ಕೆ ಹರಿದು, ಮುಚ್ಚಳದ ಸಂದನ್ನು ದಾಟಿ, ನಡುವಿಗೆ ಹೋಗುತ್ತದೆ. ಸುತ್ತಲೂ ಸಂದು ದಾಟಲೇಬೇಕು. ಅದೂ ತಾಮ್ರದ ಮೇಲ್ಮೈಯಲ್ಲಿ ಬರೀ 1.3 ಮೈಕ್ರಾನ್ ಆಳದಲ್ಲಿ. ಆ ಪದರ ಎಲ್ಲಿ ಕೆಟ್ಟರೂ ಕರೆಂಟ್ ಸುತ್ತು ಹಾಕುತ್ತದೆ, ದುಂಡುತನ ಹೋಗುತ್ತದೆ, ಟಿಇ11 ಹುಟ್ಟುತ್ತದೆ. ಸ್ಲೈಡಿಂಗ್ ಶಾರ್ಟಿನ ಬೆರಳುಗಳಿಗೂ ಇದೇ ಮಾತು. ಈಗ ನಾನು ಹತ್ತು ನಿಮಿಷ ಓಡಿಸಿ, ಆರಿಸಿ, ಸಪ್ಲೈ ಬೇರೆ ಮಾಡಿದ ಮೇಲೆ ಮುಚ್ಚಳದ ಸುತ್ತ ಥರ್ಮಲ್ ಕ್ಯಾಮೆರಾ ಹಾಯಿಸುತ್ತೇನೆ. ಹೊಳೆಯುವ ಲೋಹವನ್ನು ಅದು ಸರಿಯಾಗಿ ಓದುವುದಿಲ್ಲ, ಸಂದಿನ ಸುತ್ತ ಕಪ್ಪು ಟೇಪ್ ಅಂಟಿಸಿಕೊಂಡರೆ ಓದುತ್ತದೆ. ಬಿಸಿಯಾದ ಕಡೆ ಸಂಪರ್ಕ ಕೆಟ್ಟಿದೆ.

ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಅಲೆ ವಾಪಸ್ ಬರುತ್ತದೆ ಎಂದು ಗೆರೆ ಎಳೆದು ತೋರಿಸುವ ನೆಟ್‌ವರ್ಕ್ ಅನಲೈಸರ್ ಇದ್ದವರು ಪ್ಲಾಸ್ಮಾ ಇಲ್ಲದೆ ಕ್ಯಾವಿಟಿಯನ್ನು ಅಳೆಯಬಹುದು. ಬೇಕಾದ ಮೋಡ್ ಒಂದು ತಗ್ಗಾಗಿ ಕಾಣುತ್ತದೆ. ಅದರ ಪಕ್ಕದಲ್ಲೇ ಇನ್ನೆರಡು ತಗ್ಗು ಜೋಡಿಯಾಗಿ ಇದ್ದರೆ ಅದು ಟಿಇ11 ಕುಟುಂಬದ್ದಿರಬಹುದು. ದುಂಡು ಸರಿಯಿದ್ದರೆ ಅದರ ಎರಡು ದಿಕ್ಕುಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂರುತ್ತವೆ. ಕ್ಯಾವಿಟಿ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಬಿರಿದು ಎರಡಾಗುತ್ತವೆ. ಅನಲೈಸರ್ ಇಲ್ಲದವರಿಗೆ ಒಂದು ಹಳೆಯ ಉಪಾಯವಿದೆ: ಬಿಲ್ ಮಾಡುವ ಥರ್ಮಲ್ ಪೇಪರನ್ನು ದುಂಡಗೆ ಕತ್ತರಿಸಿ, ಸ್ವಲ್ಪ ಒದ್ದೆ ಮಾಡಿ, ಒಳಗಿಟ್ಟು, ಕಡಿಮೆ ಪವರಿನಲ್ಲಿ ಕೆಲವೇ ಸೆಕೆಂಡ್ ಕೊಡಿ. ಕ್ಷೇತ್ರ ಜೋರಾಗಿರುವಲ್ಲಿ ಕಪ್ಪಾಗುತ್ತದೆ. ವಾಪಸ್ ಬರುವ ಪವರನ್ನು ಬೇರೆಡೆ ತಿರುಗಿಸುವ ಸರ್ಕ್ಯುಲೇಟರ್ ಮತ್ತು ಅದನ್ನು ಹೀರುವ ನೀರಿನ ಲೋಡ್ ಇಲ್ಲದೆ ಇದನ್ನು ಮಾಡಬೇಡಿ, ಹೆಚ್ಚಿನ ಪವರ್ ವಾಪಸ್ ಬಂದು ಮ್ಯಾಗ್ನೆಟ್ರಾನ್ ಸುಡುತ್ತದೆ. ಪೇಪರಿನ ಚಿತ್ರ ಪ್ಲಾಸ್ಮಾ ಇಲ್ಲದಾಗಿನದು ಅನ್ನುವುದೂ ನೆನಪಿರಲಿ.

ಮೀಟರ್ ಹೇಳುವ ಚಂದದ ಸುಳ್ಳು

ವಾಪಸ್ ಬರುವ ಪವರ್ ಸೊನ್ನೆಯಾದರೆ ಎಲ್ಲ ಸರಿ ಎಂಬ ನಂಬಿಕೆ ಬಿಡಿ. ಒಳಗೆ ಹೋದ ಪವರ್ ಬೇಡದ ಮೋಡ್‌ಗೂ ಹೋಗಬಹುದು, ಗೋಡೆ ಕಾಯಿಸುವುದಕ್ಕೂ ಹೋಗಬಹುದು. ಸ್ಟಬ್ ತಿರುಗಿಸುತ್ತ ಹೋದಾಗ ಮೀಟರ್ ಸೊನ್ನೆಗೆ ಬಂದು, ಅದೇ ಕ್ಷಣ ಪ್ಲಾಸ್ಮಾ ಪಕ್ಕಕ್ಕೆ ಜಿಗಿದು ಕೂತದ್ದನ್ನು ನಾನೇ ನೋಡಿದ್ದೇನೆ. 5 ಶೇಕಡಾ ವಾಪಸ್ ಬಂದರೂ ಸಮವಾಗಿ ಉರಿಯುವ ಜಾಗವೇ ನನಗೆ ಇಷ್ಟ.

ಮೀಟರ್ ತಾನೂ ತಪ್ಪು ಹೇಳಬಹುದು. ಮೀಟರಿಗೆ ಅಲೆಯ ಚೂರು ಕೊಡುವ ಕಪ್ಲರಿನ ಡೈರೆಕ್ಟಿವಿಟಿ (ಹೋಗುವ, ಬರುವ ಅಲೆಗಳನ್ನು ಬೇರೆ ಮಾಡುವ ಶಕ್ತಿ) 20 ಡೆಸಿಬೆಲ್ ಅಂತಿದ್ದರೆ, ನಿಜವಾಗಿ 10 ಶೇಕಡಾ ವಾಪಸ್ ಬರುತ್ತಿದ್ದಾಗ ಮೀಟರಿನಲ್ಲಿ 5ರಿಂದ 17ರವರೆಗೆ ಏನು ಬೇಕಾದರೂ ಕಾಣಬಹುದು. ಸ್ಟಬ್ ಸರಿಸಿದಾಗ ಅಂಕಿ ಬದಲಾದದ್ದು ಅರ್ಧ ಕಪ್ಲರಿನ ಆಟವೇ.

ಮೋಸ ಮಾಡದ ಮೀಟರ್ ಅಂದರೆ ನೀರು. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಬಿಸಿಯಾದರೆ 70 ವ್ಯಾಟ್ ಅದಕ್ಕೆ ಸೇರಿದೆ. ಸರ್ಕ್ಯುಲೇಟರ್ ಲೋಡಿನ ನೀರನ್ನೂ ಕ್ಯಾವಿಟಿ ಗೋಡೆಯ ನೀರನ್ನೂ ಬೇರೆಬೇರೆಯಾಗಿ ಅಳೆಯಿರಿ. ಪ್ಲಾಸ್ಮಾದ ಬಿಸಿಯೂ ಕೊನೆಗೆ ಗೋಡೆಗೇ ಬರುವುದರಿಂದ ಒಂದೇ ಓದಿನಿಂದ ತೀರ್ಮಾನಕ್ಕೆ ಬರಬೇಡಿ. ಒಂದೇ ಪವರಿನಲ್ಲಿ ಪ್ಲಾಸ್ಮಾ ಮಂಕಾಗುತ್ತಾ ಗೋಡೆಯ ನೀರು ಬಿಸಿಯಾಗುತ್ತಾ ಹೋದರೆ ಆಗ ಸಂಪರ್ಕ, ತುಕ್ಕು, ಕೊಳೆ ನೋಡಿ. ಒಳಗೋಡೆ ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ತಾಮ್ರಕ್ಕಿಂತ ಆರು ಪಟ್ಟಿಗೂ ಮೀರಿದ ನಷ್ಟ ಮೊದಲಿಂದಲೇ ಇರುತ್ತದೆ.

ಪವರ್ ಏರಿಸಿದರೂ ನಡುವೆ ಖಾಲಿ

ಇದು ಹೊಸಬರನ್ನು ಕಂಗೆಡಿಸುವ ದೋಷ. ನಡುವೆ ಮಬ್ಬಿದೆ ಎಂದು ಪವರ್ ಏರಿಸುತ್ತಾರೆ. ಅಂಚು ಇನ್ನೂ ಹೊಳೆಯುತ್ತದೆ, ನಡು ಹಾಗೇ ಉಳಿಯುತ್ತದೆ.

ಘನ ಸೆಂಟಿಮೀಟರಿಗೆ 7.4×10¹⁰ ಎಲೆಕ್ಟ್ರಾನ್ ದಾಟಿದ ಪ್ಲಾಸ್ಮಾದೊಳಗೆ 2.45 ಗಿಗಾಹರ್ಟ್ಜ್ ಅಲೆ ಸರಾಗವಾಗಿ ನುಗ್ಗಲಾರದು. 10¹²ಕ್ಕೆ ಹೋದರೆ ಅರ್ಧ ಸೆಂಟಿಮೀಟರ್ ಆಳಕ್ಕೇ ಸೋತುಹೋಗುತ್ತದೆ. ಪ್ಲಾಸ್ಮಾ ತಾನೇ ಗೋಡೆಯಾಗಿಬಿಡುತ್ತದೆ. ಅಲೆ ಅದರ ಮೈ ಮೇಲೆ ಸವರಿಕೊಂಡು ಓಡುತ್ತದೆ. ಕ್ವಾರ್ಟ್ಜ್ ಅಂಚಿನಲ್ಲಿ ಹೀಗೆ ಓಡುವ ಅಲೆಗೆ 3.6×10¹¹ರ ಆಸುಪಾಸು ಬೇಕು, ಅದನ್ನು ದಾಟುವಾಗ ಪ್ಲಾಸ್ಮಾ ಹಠಾತ್ತನೆ ಬೇರೆ ರೂಪಕ್ಕೆ ಜಿಗಿಯಬಹುದು. ಪವರ್ ಏರಿಸುವಾಗ ಒಂದು ಅಂಕಿಯಲ್ಲಿ ಜಿಗಿದದ್ದು ಇಳಿಸುವಾಗ ಅದೇ ಅಂಕಿಯಲ್ಲಿ ವಾಪಸ್ ಬರುವುದಿಲ್ಲ. ಬೆಳಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಅದೇ ಸೆಟ್ಟಿಂಗಿನಲ್ಲಿ ಕೆಟ್ಟಿತು ಅನ್ನುವವರು ಯಾವ ಕಡೆಯಿಂದ ಆ ಸೆಟ್ಟಿಂಗಿಗೆ ಬಂದರು ಅಂತ ನಾನು ಮೊದಲು ಕೇಳುತ್ತೇನೆ.

ನಡು ತುಂಬಬೇಕಾದರೆ ಒತ್ತಡ ಇಳಿಸಿ. ಅಂಚಿನಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ನಡುವಿಗೆ ಹರಡಿಕೊಳ್ಳಲು ದಾರಿ ಸಿಗುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಹುಟ್ಟಿದಲ್ಲೇ ಉಳಿಯುತ್ತವೆ. ಆರ್ಗಾನಿನಲ್ಲಿ ಇನ್ನೊಂದು ಕಾಟ ಇದೆ. ಎಲ್ಲಿ ಗ್ಯಾಸ್ ಬಿಸಿಯಾಯಿತೋ ಅಲ್ಲಿ ತೆಳುವಾಗುತ್ತದೆ, ತೆಳುವಾದಲ್ಲಿ ಇನ್ನೂ ಸುಲಭವಾಗಿ ಉರಿಯುತ್ತದೆ, ಮತ್ತಷ್ಟು ಬಿಸಿಯಾಗುತ್ತದೆ. ಕೊನೆಗೆ ದಾರದಂಥ ಎಳೆಗಳಾಗಿ ಕುಣಿಯತೊಡಗುತ್ತದೆ. ಹೀಲಿಯಂ ಬೆರೆಸಿದರೆ ಎಳೆಗಳು ಕರಗುತ್ತವೆ, ಅದು ಆರ್ಗಾನಿಗಿಂತ ಎಂಟು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಹಂಚುತ್ತದೆ.

ಹೊತ್ತಿಕೊಳ್ಳುವ ತಕರಾರು

ಕ್ವಾರ್ಟ್ಜ್ ಒಳಗಿಟ್ಟರೆ ಕ್ಯಾವಿಟಿಯ ಫ್ರೀಕ್ವೆನ್ಸಿ ಇಳಿಯುತ್ತದೆ, ಪ್ಲಾಸ್ಮಾ ಹೊತ್ತಿಕೊಂಡರೆ ಏರುತ್ತದೆ. ಆದ್ದರಿಂದ ಹೊತ್ತಿಸಲು ಸರಿಯಾದ ಶಾರ್ಟಿನ ಜಾಗ ಬೇರೆ, ಓಡಿಸಲು ಸರಿಯಾದ ಜಾಗ ಬೇರೆ. ಹೊತ್ತಿದ ಮೇಲೆ ಕ್ಯಾವಿಟಿಯನ್ನು ನಿಧಾನವಾಗಿ ಉದ್ದ ಮಾಡುತ್ತ ಹೋಗಿ. ಕೆಲವು ನೂರು ಪ್ಯಾಸ್ಕಲ್ ಆರ್ಗಾನಿನಲ್ಲಿ ಹೊತ್ತಿಸಿ, ಆಮೇಲೆ ಬೇಕಾದ ಗ್ಯಾಸಿಗೂ ಒತ್ತಡಕ್ಕೂ ಹೋದರೆ ತಲೆನೋವು ಕಡಿಮೆ.

ತಣ್ಣಗಿದ್ದಾಗ ಪಟ್ಟನೆ ಹೊತ್ತಿ, ಓಡಿಸಿ ಆರಿಸಿದ ಮೇಲೆ ಮತ್ತೆ ಹೊತ್ತದಿದ್ದರೆ ಕ್ಯಾವಿಟಿ ಹಿಗ್ಗಿದೆ. ಅಲ್ಯೂಮಿನಿಯಂ 50 ಡಿಗ್ರಿ ಬಿಸಿಯಾದರೆ ಫ್ರೀಕ್ವೆನ್ಸಿ 2.8 ಮೆಗಾಹರ್ಟ್ಜ್ ಇಳಿಯುತ್ತದೆ. ಖಾಲಿ ಕ್ಯಾವಿಟಿ ಒಪ್ಪಿಕೊಳ್ಳುವ ಫ್ರೀಕ್ವೆನ್ಸಿಗಳ ಪಟ್ಟಿ ಅದಕ್ಕಿಂತ ಕಿರಿದಾಗಿರಬಹುದು. ಪ್ಲಾಸ್ಮಾ ಇದ್ದಾಗ ಆ ಪಟ್ಟಿ ಎಷ್ಟೋ ಅಗಲವಾಗುವುದರಿಂದ ಓಡುವಾಗ ಇದು ಗೊತ್ತೇ ಆಗುವುದಿಲ್ಲ.

ಬಣ್ಣ ಕೆಟ್ಟರೆ, ಬಾಲ ಬೆಳೆದರೆ

ಆರ್ಗಾನ್ ಪ್ಲಾಸ್ಮಾ ಗುಲಾಬಿ ನೇರಳೆಗೆ ತಿರುಗಿದರೆ ಗಾಳಿ ನುಸುಳುತ್ತಿದೆ. ಸ್ಪೆಕ್ಟ್ರೋಮೀಟರ್ ಇದ್ದರೆ 337 ನ್ಯಾನೋಮೀಟರಿನಲ್ಲಿ ನೈಟ್ರೋಜನ್ ಕಾಣುತ್ತದೆ. 309 ಕೂಡ ಜೋರಾಗಿದ್ದರೆ ನೀರಿನ ಪಸೆ. ಪವರ್ ಆರಿಸಿ, ಪಂಪಿನ ವಾಲ್ವ್ ಮುಚ್ಚಿ, ಒತ್ತಡ ಏರುವುದನ್ನು ಗಡಿಯಾರ ಹಿಡಿದು ನೋಡಿ. ಒಂದೇ ಸಮ ಏರುತ್ತಲೇ ಹೋದರೆ ಸೋರಿಕೆ. ಏರಿ ನಿಧಾನವಾದರೆ ಒಳಗಿನ ಪಸೆ ಬಿಡುತ್ತಿದೆ, ಪಂಪು ಇನ್ನಷ್ಟು ಹೊತ್ತು ಓಡಲಿ.

ಕೊಳವೆ ಹೊರಬರುವ ಕಡೆ ಮೈಕ್ರೋವೇವ್ ಸೋರದಂತೆ ಹಾಕಿದ ಲೋಹದ ತೋಳಿನ ಬಗ್ಗೆ ಎಚ್ಚರ. 3 ಸೆಂಟಿಮೀಟರ್ ವ್ಯಾಸದ ತೋಳು ಪ್ರತಿ ಸೆಂಟಿಮೀಟರಿಗೆ 9 ಡೆಸಿಬೆಲಿಗೂ ಹೆಚ್ಚು ತಡೆಯುತ್ತದೆ, 5 ಸೆಂಟಿಮೀಟರ್ ಉದ್ದ ಇದ್ದರೆ ಧಾರಾಳ. ಆದರೆ ಈ ಲೆಕ್ಕ ತೋಳು ಖಾಲಿ ಇದ್ದಾಗ ಮಾತ್ರ. ಪ್ಲಾಸ್ಮಾ ಬಾಲ ಬೆಳೆಸಿ ತೋಳಿನೊಳಗೆ ಬಂದರೆ ಅದು ನಡುವಿನ ತಂತಿಯಂತೆ ಕೆಲಸ ಮಾಡುತ್ತದೆ. ತೋಳು ಟಿವಿ ಕೇಬಲಿನಂತಾಗಿ ಮೈಕ್ರೋವೇವನ್ನು ನೇರ ಹೊರಗೆ ತರುತ್ತದೆ. ಒಳಗೆ ಪ್ಲಾಸ್ಮಾ ಕಾರಣವಿಲ್ಲದೆ ತೆಳುವಾಯಿತು ಅನ್ನಿಸಿದಾಗ ತೋಳಿನ ಬಾಯಿಯಲ್ಲಿ ಸೋರಿಕೆ ಮೀಟರ್ ಹಿಡಿಯಿರಿ. ಮೀಟರ್ ಎದ್ದರೆ ತಕ್ಷಣ ಆರಿಸಿ. ಪವರ್ ಇಳಿಸಿ ಅಥವಾ ಒತ್ತಡ ಏರಿಸಿ ಬಾಲವನ್ನು ಒಳಗೆ ಎಳೆದುಕೊಳ್ಳಿ, ಇಲ್ಲದಿದ್ದರೆ ತೋಳು ಉದ್ದ ಮಾಡಿ.

ಎಲ್ಲ ಸರಿಯಿದ್ದೂ ಸಮ ಬಾರದಿದ್ದರೆ

ಆಗ ದೋಷ ಇಲ್ಲ, ಆಸೆ ದೊಡ್ಡದಾಗಿದೆ. ಸರಳವಾದ ಟಿಎಂ010 ಕ್ಯಾವಿಟಿಯನ್ನೇ ತಗೊಳ್ಳಿ. ಒಳತ್ರಿಜ್ಯ 4.7 ಸೆಂಟಿಮೀಟರ್. ಉದ್ದಕ್ಕೆ ಸಮ. ಆದರೆ ನಡುವಿನಿಂದ ಅರ್ಧ ತ್ರಿಜ್ಯ ದೂರ ಹೋದರೆ ಕ್ಷೇತ್ರ 67 ಶೇಕಡಾಕ್ಕೆ ಇಳಿದಿರುತ್ತದೆ, ಅದು ಕೊಡುವ ಪವರ್ 45 ಶೇಕಡಾಕ್ಕೆ. 15 ಸೆಂಟಿಮೀಟರ್ ಅಗಲದ ಮಾದರಿಯನ್ನು 12 ಸೆಂಟಿಮೀಟರ್ ಅಲೆಯ ಒಂದೇ ನಿಂತ ನಮೂನೆಯಿಂದ ಸಮವಾಗಿ ತುಂಬುತ್ತೇನೆ ಅಂದರೆ ಆಗುವ ಮಾತಲ್ಲ.

ದಾರಿಗಳಿವೆ. 915 ಮೆಗಾಹರ್ಟ್ಜ್‌ಗೆ ಹೋದರೆ ಅಲೆ 32.8 ಸೆಂಟಿಮೀಟರ್ ಆಗುತ್ತದೆ. ದೊಡ್ಡ ವಜ್ರದ ತಟ್ಟೆ ಬೆಳೆಸುವವರು ಅದಕ್ಕೇ ಅದನ್ನು ಹಿಡಿದಿದ್ದಾರೆ. ಸುತ್ತ ಬಳೆಯಂಥ ಕ್ಯಾವಿಟಿ ಮಾಡಿ ಹಲವು ಸೀಳುಗಳಿಂದ ಅಲೆಯನ್ನು ಒಳಗೆ ಬಿಡಬಹುದು. ಎರಡು ಬೇರೆ ಮ್ಯಾಗ್ನೆಟ್ರಾನುಗಳನ್ನು 90 ಡಿಗ್ರಿ ಅಂತರದಲ್ಲಿ ಜೋಡಿಸಬಹುದು, ಅವುಗಳ ಅಲೆಗಳಿಗೆ ಪರಸ್ಪರ ತಾಳ ಇಲ್ಲದ್ದರಿಂದ ಪವರ್ ಸುಮ್ನೆ ಕೂಡಿಕೊಳ್ಳುತ್ತದೆ. ಒತ್ತಡ 1 ಪ್ಯಾಸ್ಕಲಿಗಿಂತ ಕೆಳಗಿದ್ದರೆ 87.5 ಮಿಲಿಟೆಸ್ಲಾ ಅಯಸ್ಕಾಂತ ಹಾಕಿ ಎಲೆಕ್ಟ್ರಾನಿನ ಸುತ್ತಾಟವನ್ನು ಅಲೆಯ ಜತೆ ತಾಳ ಹಾಕಿಸಬಹುದು. ಮಾದರಿಗೆ ಪ್ಲಾಸ್ಮಾದ ಬಿಸಿ ಬೇಡವಾದರೆ ಅದನ್ನು ಹತ್ತು ಸೆಂಟಿಮೀಟರ್ ಕೆಳಗಿಟ್ಟು, ಹರಡಿ ಬರುವುದನ್ನಷ್ಟೇ ಹಿಡಿಯಬಹುದು.

ಶಾರ್ಟನ್ನು ಮೋಟರಿನಿಂದ ಹಿಂದೆ ಮುಂದೆ ಆಡಿಸುವುದು ಅಗ್ಗದ ಉಪಾಯ. ಗುಡ್ಡೆಗಳು ಉದ್ದಕ್ಕೆ ಓಡಾಡಿ ಸರಾಸರಿ ಸಮವಾಗುತ್ತದೆ. ಮಾದರಿಯ ಪೀಠ ತಿರುಗಿಸುವುದು ಇನ್ನೂ ಅಗ್ಗ, ಎಲ್ಲರೂ ಮೊದಲು ಮಾಡುವುದೂ ಅದೇ. ಅದು ಸುತ್ತಲಿನ ಏರುಪೇರನ್ನು ಮಾತ್ರ ಅಳಿಸುತ್ತದೆ, ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ಹಾಗೇ ಉಳಿಯುತ್ತದೆ. ಸುಟ್ಟ ಸ್ಪ್ರಿಂಗ್ ಬೆರಳನ್ನು ಅದು ಚೆನ್ನಾಗಿ ಬಚ್ಚಿಡುತ್ತದೆ ಕೂಡ. ಆದ್ದರಿಂದ ಪೀಠ ತಿರುಗುವ ಏರ್ಪಾಡಿದ್ದರೂ ತಿಂಗಳಿಗೊಮ್ಮೆ ಅದನ್ನು ನಿಲ್ಲಿಸಿ, ಮೊದಲ ದಿನದ ಎಕ್ಸ್‌ಪೋಷರಿನಲ್ಲೇ ಒಂದು ಫೋಟೊ ತೆಗೆದು, ಹಳೆಯದರ ಪಕ್ಕ ಅಂಟಿಸಿಡಿ.